ಟಾರಿಫ್ ರಿಫಂಡ್ ಅಂದಾಜು ಹಾಕಿಕೊಡ್ತೀವಿ ಅಂತ ಬರುವವರ ಬಗ್ಗೆ ಹುಷಾರು

ಅಮೆರಿಕದಲ್ಲಿ ಸಣ್ಣ ಇಂಪೋರ್ಟ್ ವ್ಯಾಪಾರ ಮಾಡುವ ನಮ್ಮವರು ಇದನ್ನು ಪೂರ್ತಿ ಓದಿ. ಇದು ನಮ್ಮ ಭಾವನ ವ್ಯಾಪಾರದಲ್ಲಿ ನಡೆದದ್ದು. ಅವರ ಲೆಕ್ಕಪತ್ರ ನೋಡುವವನು ನಾನು, ಹಾಗಾಗಿ ಕಾಗದಗಳೆಲ್ಲ ನನ್ನ ಮುಂದೆಯೇ ಇವೆ.

2026ರ ಫೆಬ್ರವರಿ 20ರಂದು ಅಲ್ಲಿನ ಸುಪ್ರೀಂ ಕೋರ್ಟ್, ಐಇಇಪಿಎ ಎಂಬ ಆರ್ಥಿಕ ತುರ್ತು ಅಧಿಕಾರದ ಕಾಯ್ದೆ ಹಿಡಿದುಕೊಂಡು ಅಧ್ಯಕ್ಷರು ಸುಂಕ ಹಾಕುವ ಹಾಗಿಲ್ಲ ಎಂದು ತೀರ್ಪು ಕೊಟ್ಟಿತಲ್ಲ, ಆಮೇಲೆ ಶುರುವಾಯಿತು ನೋಡಿ, ಕಟ್ಟಿದ ಸುಂಕ ವಾಪಸ್ ಕೊಡಿಸ್ತೀವಿ ಅಂತ ಫೋನು, ಈಮೇಲು. ಅದರಲ್ಲಿ ಒಂದು ಕಂಪನಿ ಭಾವನನ್ನು ಹಿಡಿಯಿತು. ಅವರು ಕೇಳಿದ್ದು ಒಂದೇ ಪ್ರಶ್ನೆ: 2025ರಲ್ಲಿ ಒಟ್ಟು ಎಷ್ಟು ಡ್ಯೂಟಿ ಕಟ್ಟಿದಿರಿ? ಇವರು ಹೇಳಿದರು. ಐದು ನಿಮಿಷದಲ್ಲಿ ಚಂದದ ಪಿಡಿಎಫ್ ಬಂತು, ನಿಮಗೆ ಸುಮಾರು 38 ಸಾವಿರ ಡಾಲರ್ ವಾಪಸ್ ಬರುತ್ತದೆ ಅಂತ. ಮುಂಗಡ 1,500 ಡಾಲರ್ ಕೊಡಿ, ಕೆಲಸ ಮುಗಿದಾಗ 20 ಪರ್ಸೆಂಟ್ ಕೊಡಿ, ಸಾಕು ಅಂದರು. ಭಾವ ಸಹಿ ಹಾಕಿ ದುಡ್ಡು ಕಳಿಸಿದ ಮೇಲೆ ಕಾಗದ ನನ್ನ ಕೈಗೆ ಬಂತು.

ನಾನು ಒಂದೊಂದೇ ಎಂಟ್ರಿ (ಮಾಲು ಬಂದಾಗ ಕಸ್ಟಮ್ಸ್‌ಗೆ ಕೊಡುವ ಲೆಕ್ಕ) ತೆಗೆದು ಕೂಡಿಸಿದಾಗ ಬಂದದ್ದು 13 ಸಾವಿರದ ಆಸುಪಾಸು. ಉಳಿದ 25 ಸಾವಿರ ಆ ಪಿಡಿಎಫ್‌ನಲ್ಲಿ ಮಾತ್ರ ಇತ್ತು.

ಯಾಕೆ ಇಷ್ಟು ವ್ಯತ್ಯಾಸ ಅಂದರೆ, ಕಸ್ಟಮ್ಸ್‌ಗೆ ಕಟ್ಟಿದ್ದೆಲ್ಲ ಒಂದೇ ಸುಂಕ ಅಲ್ಲ. ಉದಾಹರಣೆಗೆ 2025ರ ಜೂನ್‌ನಲ್ಲಿ ಚೀನಾದಿಂದ 10,000 ಡಾಲರ್ ಮಾಲು ತರಿಸಿದಿರಿ ಅಂದುಕೊಳ್ಳಿ. ಫೆಂಟನಿಲ್ ಹೆಸರಲ್ಲಿ ಹಾಕಿದ 20 ಪರ್ಸೆಂಟ್, ರೆಸಿಪ್ರೋಕಲ್ (ಪ್ರತಿಸುಂಕ) ಅಂತ ಹಾಕಿದ 10 ಪರ್ಸೆಂಟ್, ಇವೆರಡೇ ಐಇಇಪಿಎ ಸುಂಕ. ಅಂದರೆ 3,000. ಆ ಮಾಲು ಸೆಕ್ಷನ್ 301ರ (ಚೀನಾ ಮಾಲಿನ ಮೇಲೆ ಬೇರೆ ಕಾನೂನಿನಡಿ ಹಾಕಿದ ಸುಂಕ) 25 ಪರ್ಸೆಂಟ್ ಪಟ್ಟಿಯಲ್ಲಿದ್ದರೆ ಅದು ಬೇರೆ 2,500. ಮೊದಲಿಂದಲೂ ಇರುವ ಮಾಮೂಲಿ ಡ್ಯೂಟಿ 5 ಪರ್ಸೆಂಟ್ ಇದ್ದರೆ ಇನ್ನೊಂದು 500. ನೀವು ಕಟ್ಟಿದ್ದು 6,000, ಆದರೆ ತೀರ್ಪು ಮುಟ್ಟುವುದು ಅರ್ಧವನ್ನು ಮಾತ್ರ. 301 ಹಾಗೇ ಇದೆ, ಸ್ಟೀಲು ಅಲ್ಯೂಮಿನಿಯಂ ಮೇಲಿನ ಸೆಕ್ಷನ್ 232 ಹಾಗೇ ಇದೆ, ಮಾಲಿನ ಮೇಲೆ ಹಾಕುವ 0.3464 ಪರ್ಸೆಂಟ್ ಪ್ರೊಸೆಸಿಂಗ್ ಫೀ ಕೂಡ ಈ ಲೆಕ್ಕಕ್ಕೆ ಬರುವುದಿಲ್ಲ. ಆ ಕಂಪನಿ ಇದನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ತೂಗಿತ್ತು. ದೇಶವಾರು, ತಿಂಗಳುವಾರು ದರ ಬದಲಾಗಿದ್ದು ಬೇರೆ ಇದೆ. ಇಂಡಿಯಾ ಮಾಲಿಗೆ ಆಗಸ್ಟ್ 7ಕ್ಕೆ 25 ಇದ್ದದ್ದು ಆಗಸ್ಟ್ 27ಕ್ಕೆ 50 ಆಯಿತು. ವರ್ಷದ ಒಟ್ಟು ಮೊತ್ತ ಒಂದನ್ನೇ ಹಿಡಿದು ಯಾರಿಂದಲೂ ಇದನ್ನು ಬಿಡಿಸಲು ಆಗುವುದಿಲ್ಲ. ಒಟ್ಟು ಮೊತ್ತ ಮಾತ್ರ ಕೇಳಿ ಅಂದಾಜು ಕೊಡುವವರ ಜತೆ ಅಲ್ಲೇ ಮಾತು ಮುಗಿಸಿ.

ಇನ್ನೊಂದು ವಿಷಯ, ಇದು ಭಾವನಿಗೂ ಹೊಳೆದಿರಲಿಲ್ಲ. ಹಣ ವಾಪಸ್ ಬರುವುದು ಇಂಪೋರ್ಟರ್ ಆಫ್ ರೆಕಾರ್ಡ್‌ಗೆ, ಅಂದರೆ ಕಸ್ಟಮ್ಸ್ ಕಾಗದದಲ್ಲಿ ಇಂಪೋರ್ಟರ್ ಅಂತ ಹೆಸರಿರುವವರಿಗೆ. ಕೆಲವು ಪಾರ್ಸೆಲ್‌ಗಳನ್ನು ಸಪ್ಲೈಯರ್ ಡಿಡಿಪಿ ಅಂತ, ಅಂದರೆ ಡ್ಯೂಟಿ ತಾನೇ ಕಟ್ಟಿ ಕಳಿಸಿದ್ದ. ಅದನ್ನು ಬೆಲೆಯಲ್ಲಿ ಸೇರಿಸಿ ನಮ್ಮ ಹತ್ತಿರ ವಸೂಲಿ ಮಾಡಿದ್ದ ಅನ್ನುವುದು ಬೇರೆ ಮಾತು. ಕಾಗದದಲ್ಲಿ ಇಂಪೋರ್ಟರ್ ಅಂತ ನಮ್ಮ ಹೆಸರಿಲ್ಲ. ಆ ಹಣ ಬಂದರೂ ಅವನಿಗೇ, ನಾವು ಅವನ ಹತ್ತಿರ ಕೇಳಬೇಕು ಅಷ್ಟೇ. ಆ ಪಾರ್ಸೆಲ್‌ಗಳನ್ನೂ ಕಂಪನಿಯವರು ನಮ್ಮ ರಿಫಂಡ್‌ನಲ್ಲಿ ಸೇರಿಸಿದ್ದರು.

ಒಪ್ಪಂದ ಓದಿದಾಗ ನನಗೆ ನಿಜವಾಗಿ ಸಿಟ್ಟು ಬಂತು. 20 ಪರ್ಸೆಂಟ್ ಅಂದದ್ದು ಕೈಗೆ ಬಂದ ಹಣದ ಮೇಲೆ ಅಲ್ಲ, ಅವರೇ ಹಾಕಿದ ಅಂದಾಜಿನ ಮೇಲೆ! ಅಂದರೆ 13 ಸಾವಿರ ಬಂದರೂ ಅವರಿಗೆ 7,600. ಅಂದಾಜು ಉಬ್ಬಿದಷ್ಟೂ ಅವರಿಗೆ ಲಾಭ ಅಲ್ವಾ? ಜತೆಗೆ ಸಹಿಗೆ ಅಂತ ಕಳಿಸಿದ ಕಟ್ಟಿನ ಮಧ್ಯೆ 4811 ಅನ್ನುವ ಫಾರಂ ಸುಮ್ನೆ ಸೇರಿಸಿದ್ದರು. ನಮಗೆ ಬರಬೇಕಾದ ರಿಫಂಡ್ ಬೇರೆಯವರಿಗೆ ಹೋಗಲಿ ಅಂತ ಕಸ್ಟಮ್ಸ್‌ಗೆ ತಿಳಿಸುವ ಫಾರಂ ಅದು. ಪುಣ್ಯಕ್ಕೆ ಅದಕ್ಕೆ ಇನ್ನೂ ಸಹಿ ಆಗಿರಲಿಲ್ಲ. ಏಸ್ ಅನ್ನುವ ಕಸ್ಟಮ್ಸ್‌ನ ಆನ್‌ಲೈನ್ ಪೋರ್ಟಲ್‌ನ ನಮ್ಮ ಪಾಸ್‌ವರ್ಡ್ ಕೂಡ ಕೇಳಿದ್ದರು.

ನಿಮ್ಮಲ್ಲಿ ಕಸ್ಟಮ್ಸ್ ಬ್ರೋಕರ್ (ಇಂಪೋರ್ಟರ್ ಪರವಾಗಿ ಕಸ್ಟಮ್ಸ್ ಕೆಲಸ ಮಾಡುವವರು) ಲೈಸೆನ್ಸ್ ಇದೆಯಾ ಅಂತ ಆ ಕಂಪನಿಯವರನ್ನು ಕೇಳಿದೆ. ನಾವು ಕನ್ಸಲ್ಟಂಟ್, ನಮಗೆ ಬೇಕಾಗಿಲ್ಲ ಅಂದರು. ಬೇರೆಯವರ ಪರವಾಗಿ ಡ್ಯೂಟಿ ರಿಫಂಡ್ ಕೆಲಸ ಮಾಡುವುದೂ ಅಲ್ಲಿನ ಕಾನೂನಿನಲ್ಲಿ ಕಸ್ಟಮ್ಸ್ ವ್ಯವಹಾರವೇ. ಅದಕ್ಕೆ ಲೈಸೆನ್ಸ್ ಇರುವ ಬ್ರೋಕರ್ ಬೇಕು, ಇಲ್ಲದಿದ್ದರೆ ವಕೀಲರು. ನಾನು ಹೀಗಂದ ಮೇಲೆ ಆ ಕಡೆಯಿಂದ ಫೋನ್ ಎತ್ತುವುದೇ ನಿಂತಿತು. 1,500 ಇವತ್ತಿನವರೆಗೂ ವಾಪಸ್ ಬಂದಿಲ್ಲ.

ಅಂದಾಜು ನೀವೇ ಹಾಕಬಹುದು, ದೊಡ್ಡ ವಿದ್ಯೆ ಏನಲ್ಲ. ಏಸ್‌ನಲ್ಲಿ ಇಎಸ್-003 ಅನ್ನುವ ರಿಪೋರ್ಟ್ ತೆಗೆಯಿರಿ. ಏಸ್ ಖಾತೆ ಇಲ್ಲದಿದ್ದರೆ ಬ್ರೋಕರ್ ಹತ್ತಿರ ಎಲ್ಲ ಎಂಟ್ರಿಗಳ 7501 ಫಾರಂ (ಎಂಟ್ರಿಯ ಸುಂಕದ ವಿವರ ಇರುವ ಕಾಗದ) ಕೇಳಿ, ಅವರ ಹತ್ತಿರ ಇದ್ದೇ ಇರುತ್ತದೆ. ಪ್ರತಿ ಮಾಲಿಗೂ ಸುಂಕದ ಸಾಲುಗಳು ಬೇರೆ ಬೇರೆ ಇರುತ್ತವೆ. 9903.01 ಅಥವಾ 9903.02 ಅಂತ ಶುರುವಾಗುವ ಸಾಲುಗಳ ಮೊತ್ತ ಮಾತ್ರ ಕೂಡಿಸಿ. 9903.88 ಅಂತ ಇದ್ದರೆ ಅದು 301, ಬಿಡಿ. ಇಂಪೋರ್ಟರ್ ಹೆಸರು ನಿಮ್ಮದೇ ಅಂತ ನೋಡಿಕೊಳ್ಳಿ. ಬಡ್ಡಿಯನ್ನು ಬೇರೆ ಕಾಲಂನಲ್ಲಿ ಇಡಿ, ಅದರ ದರ ಮೂರು ತಿಂಗಳಿಗೊಮ್ಮೆ ನಿಗದಿಯಾಗುತ್ತದೆ, ಈಗಲೇ ಕೂಡಿಸಿಕೊಂಡು ಖರ್ಚಿನ ಪ್ಲಾನ್ ಹಾಕಬೇಡಿ. ಪ್ರತಿ ಎಂಟ್ರಿಯ ಲಿಕ್ವಿಡೇಶನ್ (ಕಸ್ಟಮ್ಸ್ ಸುಂಕದ ಲೆಕ್ಕವನ್ನು ಅಂತಿಮ ಮಾಡುವುದು) ತಾರೀಕನ್ನೂ ಪಕ್ಕದಲ್ಲಿ ಬರೆದಿಡಿ. ಸಾಮಾನ್ಯವಾಗಿ ಮಾಲು ಬಂದ 314 ದಿನಕ್ಕೆ ಅದು ಆಗುತ್ತದೆ, ಆದ ಮೇಲೆ ಪ್ರೊಟೆಸ್ಟ್, ಅಂದರೆ ಲಿಖಿತ ಆಕ್ಷೇಪಣೆ, ಹಾಕಲು 180 ದಿನ. ಮಾಲಿನ ಕೋಡ್ ತಪ್ಪಾಗಿ ಜಾಸ್ತಿ ಕಟ್ಟಿದ್ದರೆ ಅದಕ್ಕೂ ಇದೇ ಗಡುವು. ಭಾವನನ್ನು ಹಿಡಿದ ಆ ಕಂಪನಿಯವರಿಗೆ ಈ ತಾರೀಕುಗಳ ವಿಚಾರವೇ ಗೊತ್ತಿರಲಿಲ್ಲ.

2026ರ ಫೆಬ್ರವರಿ 6ರಿಂದ ಕಸ್ಟಮ್ಸ್ ರಿಫಂಡ್ ಚೆಕ್‌ನಲ್ಲಿ ಬರುವುದಿಲ್ಲ, ನೇರ ಬ್ಯಾಂಕಿಗೆ. ಏಸ್‌ನಲ್ಲಿ ನಿಮ್ಮ ಖಾತೆ ನಂಬರ್ ಇದೆಯಾ, ಬೇರೆ ಯಾರದ್ದಾದರೂ ಇದೆಯಾ ಅಂತ ಇವತ್ತೇ ತೆರೆದು ನೋಡಿ.