ಐತಿಹಾಸಿಕ ಹೋಟೆಲ್ ಬುಕ್ ಮಾಡುವ ಮುಂಚೆ ನಲ್ಲಿಯ ಬಗ್ಗೆ ಕೇಳಿ

ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪಕ್ಕೆ ಹೋಗುವ ಯೋಚನೆ ಇರುವವರು, ಅದರಲ್ಲೂ ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು, ಇದನ್ನು ಓದಿ ಆಮೇಲೆ ರೂಮ್ ಬುಕ್ ಮಾಡಿ. ನಾವು ಕಷ್ಟಪಟ್ಟಿದ್ದು ಒಂದೇ ರಾತ್ರಿ. ಆ ಒಂದು ರಾತ್ರಿಗೆ ಎರಡು ರೂಮಿಗೆ ಕೊಟ್ಟಿದ್ದು 410 ಡಾಲರ್.

ನಾವಿರುವುದು ನ್ಯೂಜೆರ್ಸಿಯಲ್ಲಿ. 1917ರಲ್ಲಿ ಅಮೆರಿಕ ಡೆನ್ಮಾರ್ಕಿಗೆ ಎರಡೂವರೆ ಕೋಟಿ ಡಾಲರ್ ಕೊಟ್ಟು ಕೊಂಡ ದ್ವೀಪಗಳಲ್ಲಿ ಸೇಂಟ್ ಥಾಮಸ್ ಕೂಡ ಒಂದು. ಹಾಗಾಗಿ ಅಪ್ಪ ಅಮ್ಮನಿಗೆ ಬೇರೆ ವೀಸಾ ಬೇಡ. ಬೀಚ್ ರೆಸಾರ್ಟ್ ಎಲ್ಲಾ ಕಡೆ ಒಂದೇ ಥರ, ಬಂದರಿನ ಊರು ಶಾರ್ಲಟ್ ಅಮಾಲಿಯಾದಲ್ಲೇ ಹಳೇ ಡೇನಿಶ್ ಕಟ್ಟಡದಲ್ಲಿ ಉಳಿಯೋಣ ಅಂತ ಹಟ ಹಿಡಿದವನು ನಾನೇ. ಹೋಟೆಲಿನ ಫೋಟೊಗಳೂ ಹಾಗೇ ಇದ್ದವು. ನಾಲ್ಕು ಕಂಬದ ಮಂಚ, ಮರದ ಪಟ್ಟಿಯ ಕಿಟಕಿ, ಆಚೆ ನೀಲಿ ಸಮುದ್ರ. ಹೋಟೆಲ್ ಹೆಸರು ಇಲ್ಲಿ ಹಾಕುವುದಿಲ್ಲ.

ಏರ್‌ಪೋರ್ಟಿನಿಂದ ಟ್ಯಾಕ್ಸಿ ಹಿಡಿದೆವು. ಅಲ್ಲಿ ಮೀಟರ್ ಇಲ್ಲ, ತಲೆಗಿಷ್ಟು ಅಂತ ಸರ್ಕಾರವೇ ದರ ಗೊತ್ತು ಮಾಡಿದೆ. ಸೂಟ್‌ಕೇಸಿಗೆ ಬೇರೆ ದುಡ್ಡು. ಇದು ಮೋಸವಲ್ಲ, ನಮಗೆ ಗೊತ್ತಿರಲಿಲ್ಲ ಅಷ್ಟೆ. ತೊಂದರೆ ಶುರುವಾಗಿದ್ದು ಇಳಿದ ಮೇಲೆ. ಡ್ರೈವರ್ ಗುಡ್ಡದ ಬುಡದಲ್ಲಿ ನಿಲ್ಲಿಸಿ ಮೇಲಕ್ಕೆ ಕೈ ತೋರಿಸಿದ. ಆ ಊರಿನ ಹಳೇ ಭಾಗದಲ್ಲಿ ಕೆಲವು ಬೀದಿಗಳೆಂದರೆ ಬರೀ ಮೆಟ್ಟಿಲು. ಹಿಂದೆ ಹಡಗು ವಾಲದಿರಲಿ ಅಂತ ತಳದಲ್ಲಿ ಭಾರಕ್ಕೆ ತುಂಬಿ ತಂದ ಇಟ್ಟಿಗೆಯಲ್ಲೇ ಕಟ್ಟಿದ್ದು. ನೋಡಲು ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಅಮ್ಮನಿಗೆ ಮಂಡಿ ನೋವು. "ಶ್ರವಣಬೆಳಗೊಳ ಹತ್ತಿ ಹತ್ತು ವರ್ಷ ಆಯ್ತು ಕಣೋ, ಇಲ್ಲಿ ಹತ್ತಿಸ್ತಾ ಇದ್ದೀಯಲ್ಲ" ಅಂದರು. ಮೂರು ಕಡೆ ಕೂತು ಕೂತು ಮೇಲೆ ಬಂದರು. ಲಿಫ್ಟ್ ಇಲ್ಲದ ವಿಷಯ ಹೋಟೆಲಿನ ಪುಟದಲ್ಲಿ ಎಲ್ಲೂ ಇರಲಿಲ್ಲ. ಕೇಳಿದರೆ, "ಇದು ಐತಿಹಾಸಿಕ ಕಟ್ಟಡ ಸರ್" ಅಂದರು. ಆ ರಾತ್ರಿ ನಾವು ಕೇಳಿದ ಎಲ್ಲಾ ಪ್ರಶ್ನೆಗೂ ಇದೇ ಉತ್ತರ.

ಎಂಟೂವರೆಗೆ ಕರೆಂಟ್ ಹೋಯಿತು. ಹೋಗಲಿ ಬಿಡು, ಕರೆಂಟ್ ಹೋಗುವುದು ನಮಗೇನು ಹೊಸದಲ್ಲ ಅಲ್ವಾ? ಐದು ನಿಮಿಷಕ್ಕೆ ನಲ್ಲಿಯೂ ನಿಂತಿತು. ನನ್ನ ಹೆಂಡತಿ ತಲೆಗೆ ಶಾಂಪೂ ಹಾಕಿಕೊಂಡಿದ್ದಳು.

ಆಮೇಲೆ ಗೊತ್ತಾದ ವಿಷಯ ಇದು. ಆ ದ್ವೀಪದಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ತಾರಸಿ ಮೇಲೆ ಬಿದ್ದ ಮಳೆನೀರು ಕಟ್ಟಡದ ಅಡಿಯ ತೊಟ್ಟಿಗೆ ಇಳಿಯುತ್ತದೆ. ಅಲ್ಲಿಂದ ಪಂಪ್ ಮೇಲೆತ್ತಬೇಕು. ಕರೆಂಟ್ ಇಲ್ಲದಿದ್ದರೆ ಪಂಪ್ ಇಲ್ಲ, ಪಂಪ್ ಇಲ್ಲದಿದ್ದರೆ ನೀರಿಲ್ಲ. ಜನರೇಟರ್ ಇತ್ತು, ಸುಳ್ಳು ಹೇಳಬಾರದು. ಅದು ಕೆಳಗಿನ ಬಾರ್ ಮತ್ತು ರಿಸೆಪ್ಶನ್‌ಗೆ ಮಾತ್ರ. ಮೇಲೆ ನಾವು ಮೊಬೈಲ್ ಟಾರ್ಚ್ ಹಿಡಿದು ಕುಡಿಯುವ ನೀರಿನ ಬಾಟಲಿಯಲ್ಲಿ ಶಾಂಪೂ ತೊಳೆಯುತ್ತಿದ್ದೆವು, ಕೆಳಗಿನಿಂದ ಹಾಡು ಕೇಳುತ್ತಿತ್ತು.

ಎಸಿ ಇಲ್ಲ, ಕಿಟಕಿ ತೆಗೆಯಲೇಬೇಕು. ಆ ಚೆಂದದ ಮರದ ಕಿಟಕಿಗೆ ಜಾಲರಿ ಇರಲಿಲ್ಲ. ಸೊಳ್ಳೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಂಬದ ಮಂಚಕ್ಕೆ ಸೊಳ್ಳೆಪರದೆ ಇದೆಯಾ ಅಂತ ಕೇಳಿದ್ದಕ್ಕೆ, "ಅದು ಫೋಟೊಗೆ ಮಾತ್ರ" ಅಂದ ಹೋಟೆಲಿನ ಹುಡುಗ. ಪಾಪ, ಅವನೊಬ್ಬನೇ ನಿಜ ಹೇಳಿದವನು.

ಊಟದ್ದು ಇನ್ನೊಂದು ಕಥೆ. ಹಗಲು ಕ್ರೂಸ್ ಹಡಗಿನ ಜನದಿಂದ ಗಿಜಿಗುಡುವ ಪೇಟೆ, ಹಡಗು ಹೊರಟ ಮೇಲೆ ಖಾಲಿ. ಸಂಜೆ ಐದರ ಹೊತ್ತಿಗೆ ಬಾಗಿಲು ಹಾಕುವ ಅಂಗಡಿಗಳೇ ಜಾಸ್ತಿ. ಕತ್ತಲಲ್ಲಿ ಆ ಮೆಟ್ಟಿಲು ಇಳಿದು ಸಸ್ಯಾಹಾರ ಹುಡುಕುವ ಧೈರ್ಯ ಯಾರಿಗೂ ಬರಲಿಲ್ಲ. ಅಮ್ಮನ ಬ್ಯಾಗಿನಲ್ಲಿದ್ದ ಚಕ್ಕುಲಿ, ಕೊಬ್ಬರಿ ಮಿಠಾಯಿಯೇ ರಾತ್ರಿಯ ಊಟ.

ಬೆಳಿಗ್ಗೆ ಮುಖ್ಯ ಬೀದಿಯಲ್ಲಿ ಒಡವೆ ಅಂಗಡಿಯ ಸಿಂಧಿ ಯಜಮಾನರೊಬ್ಬರು ಸಿಕ್ಕರು. ಅಲ್ಲಿ ಸಿಂಧಿಗಳ ಅಂಗಡಿ ಸುಮಾರು ಇವೆ. ಹಿಂದಿಯಲ್ಲೇ ಕೇಳಿದರು, "ರೂಮಿಗೆ ಜನರೇಟರ್ ಇದೆಯಾ ಅಂತ ಕೇಳಲಿಲ್ವಾ? ಇಲ್ಲಿ ಎಲ್ಲರೂ ಮೊದಲು ಅದನ್ನೇ ಕೇಳೋದು." ನೀವೂ ಕೇಳಿ. ಬಾರಿಗಲ್ಲ, ರೂಮಿಗೆ ಮತ್ತು ಪಂಪಿಗೆ ಇದೆಯಾ ಅಂತ ಬಿಡಿಸಿ ಕೇಳಿ. ಟ್ಯಾಕ್ಸಿ ನಿಲ್ಲುವ ಜಾಗದಿಂದ ರೂಮಿನವರೆಗೆ ಎಷ್ಟು ಮೆಟ್ಟಿಲು ಅಂತಲೂ ಕೇಳಿ. ಉತ್ತರ ಇಮೇಲಿನಲ್ಲೇ ಬರಲಿ. ನಾನು ಫೋನಿನಲ್ಲಿ ಮಾತಾಡಿ ಸುಮ್ಮನಾಗಿದ್ದೆ, ಆಮೇಲೆ ಜಗಳಕ್ಕೆ ನಿಂತಾಗ ಕೈಯಲ್ಲಿ ಏನೂ ಇರಲಿಲ್ಲ. ಹಿರಿಯರ ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಅಮೆರಿಕದ್ದೇ ದ್ವೀಪವಾದರೂ ವಾಪಸ್ ಹೊರಡುವಾಗ ಏರ್‌ಪೋರ್ಟಿನಲ್ಲಿ ಕಾಗದಪತ್ರ ನೋಡುತ್ತಾರೆ.

ಅಪ್ಪನಿಗೆ ಮಾತ್ರ ಊರು ಹಿಡಿಸಿತು. 99 ಮೆಟ್ಟಿಲು ಅಂತಲೇ ಹೆಸರಾದ ಬೀದಿಯನ್ನು ಹತ್ತಿ ಬಂದು, "ಲೆಕ್ಕ ತಪ್ಪು, 103 ಇದೆ" ಅಂದರು. ಅದು ನಿಜವೇ.

ದುಡ್ಡಿನ ವಿಷಯಕ್ಕೆ ಹೋಟೆಲಿನವರು ಬುಕಿಂಗ್ ಸೈಟ್ ಕಡೆ ಕೈ ತೋರಿಸಿದರು, ಸೈಟಿನವರು ಹೋಟೆಲ್ ಕಡೆ. ಎರಡು ತಿಂಗಳು ಬೆನ್ನುಬಿದ್ದ ಮೇಲೆ 60 ಡಾಲರ್ ವಾಪಸ್ ಬಂತು. ಮೊನ್ನೆ ಸುಮ್ನೆ ಆ ಪುಟ ತೆಗೆದು ನೋಡಿದೆ. ಅದೇ ಮಂಚ, ಅದೇ ಸೊಳ್ಳೆಪರದೆ. ರೂಮಿಗೆ 20 ಡಾಲರ್ ಜಾಸ್ತಿಯಾಗಿದೆ.