ಹಾಳಾದ ವೇಪ್ ಬಚ್ಚಲ ಒಲೆಗೆ ಹೋಗದಿರಲಿ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಈ ಕಡೆಯ ಹೆಚ್ಚಿನ ಮನೆಗಳ ಹಾಗೆ ನಮ್ಮಲ್ಲೂ ಸ್ನಾನದ ನೀರು ಕಾಯುವುದು ಬಚ್ಚಲ ಒಲೆಯಲ್ಲಿ. ಅಡಿಕೆ ಸಿಪ್ಪೆ, ತೆಂಗಿನ ಮಡಲು, ಹಳೆಯ ಕಾಗದ ಎಲ್ಲ ಸೇರುವುದು ಅಲ್ಲಿಗೇ. ಹೋದ ಮಳೆಗಾಲದಲ್ಲಿ ತಮ್ಮನ ಹಾಳಾದ ವೇಪ್ ಕೂಡ ಆ ಒಲೆಗೆ ಹೋಯಿತು. ನಾನು ಒಲೆಯ ಎದುರೇ ಕೂತು ಬೆಂಕಿ ಮುಂದೆ ಮಾಡುತ್ತಿದ್ದೆ. ಬಲಗೈಯ ಮೇಲೆ ಈಗಲೂ ಕಲೆ ಇದೆ.

ವೇಪ್ ಅಂದರೆ ಬ್ಯಾಟರಿಯಿಂದ ನಡೆಯುವ ಸಿಗರೇಟು. ತಮ್ಮನಿಗೆ ಶಾರ್ಜಾದಲ್ಲಿ ಕೆಲಸ. ರಜೆಗೆ ಬರುವಾಗ ಎರಡು ತಂದಿದ್ದ. ಅಲ್ಲಿ ಅಂಗಡಿಯಲ್ಲೇ ಸಿಗುತ್ತದೆ. ನಮ್ಮ ದೇಶದಲ್ಲಿ 2019ರಿಂದಲೇ ನಿಷೇಧ. ಮಾರುವುದು ಮಾತ್ರ ಅಲ್ಲ, ಹೊರಗಿನಿಂದ ತರುವುದೂ ತಪ್ಪು. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಇದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹೊಸತರಲ್ಲಿ ಒಂದು ಸಲ ಚಾರ್ಜ್ ಮಾಡಿದರೆ ಇಡೀ ದಿನ ಬರುತ್ತಿತ್ತಂತೆ. ಐದಾರು ತಿಂಗಳಲ್ಲಿ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯತೊಡಗಿತು. "ಅಣ್ಣ, ಇದರಲ್ಲಿ ಚಾರ್ಜೇ ನಿಲ್ತಾ ಇಲ್ಲ" ಅಂತ ನನ್ನ ಹತ್ತಿರ ತಂದ. ಆಗ ನಾನು ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಕೈ ಸುಟ್ಟ ಮೇಲೆ ಕೂತು ಓದಿದಾಗ ವಿಷಯ ಅರ್ಥವಾಯಿತು.

ಇದರೊಳಗೆ ಇರುವುದು ಮೊಬೈಲಿನಲ್ಲಿರುವ ಥರದ್ದೇ ಲಿಥಿಯಂ ಬ್ಯಾಟರಿ. ಗಾತ್ರ ಮಾತ್ರ ತೀರಾ ಸಣ್ಣದು. ಮೊಬೈಲಿನದ್ದು 5000 ಎಂಎಎಚ್ ಇದ್ದರೆ ಇದರದ್ದು 400ರ ಆಸುಪಾಸು. ಇಂಥ ಬ್ಯಾಟರಿಗಳು ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಸೋಲತೊಡಗುತ್ತವೆ. ಮೊಬೈಲಿಗೆ ಆ ಲೆಕ್ಕ ತುಂಬಲು ಒಂದೆರಡು ವರ್ಷ ಬೇಕು. ದಿನಕ್ಕೆ ಎರಡು ಸಲ ಚಾರ್ಜ್ ಮಾಡುವ ವೇಪ್‌ಗೆ 300 ತುಂಬಲು ಐದೇ ತಿಂಗಳು ಸಾಕು. ಅದರ ಮೇಲೆ, ಎಳೆದಾಗಲೆಲ್ಲ ಒಳಗಿನ ದ್ರವವನ್ನು ಆವಿ ಮಾಡುವ ತಂತಿಸುರುಳಿ, ಅಂದರೆ ಕಾಯಿಲ್, ಬಿಸಿಯಾಗಬೇಕು. ಅದಕ್ಕೆ 10 ವಾಟ್ ಬೇಕಾದರೆ ಆ ಸಣ್ಣ ಬ್ಯಾಟರಿ ಒಮ್ಮೆಲೇ ಮೂರು ಆಂಪಿಯರ್ ಹತ್ತಿರ ಕೊಡಬೇಕು. ಪಾಪದ ಬ್ಯಾಟರಿ ಎಷ್ಟು ತಡೆದೀತು?

ತಮ್ಮ ಮಾಡಿದ ತಪ್ಪು ಇನ್ನೊಂದು. ಚಾರ್ಜ್ ನಿಲ್ಲುವುದಿಲ್ಲ ಅಂತ ರಾತ್ರಿಯಿಡೀ ಹಾಕಿಡುತ್ತಿದ್ದ. ಅದೂ ತಲೆದಿಂಬಿನ ಪಕ್ಕ, ಹೊದಿಕೆಯ ಮೇಲೆ. ಲಿಥಿಯಂ ಬ್ಯಾಟರಿ ಬಿಸಿಯನ್ನು ತಡೆಯುವುದೇ ಇಲ್ಲ. 4.2 ವೋಲ್ಟ್‌ಗೆ ತುಂಬಿದ ಮೇಲೆ ಚಾರ್ಜ್ ನಿಲ್ಲಿಸುವ ಸರ್ಕ್ಯೂಟ್ ಒಳಗೆ ಇರಬೇಕು. ಅಗ್ಗದ ಸಾಮಾನಿನಲ್ಲಿ ಅದು ಸರಿಯಾಗಿ ಇದೆಯೋ ಇಲ್ಲವೋ ಯಾರು ನೋಡಿದ್ದಾರೆ? ಒಂದು ಬೆಳಿಗ್ಗೆ ನೋಡಿದರೆ ತೆಳು ಅಲ್ಯೂಮಿನಿಯಂ ಮೈ ನಡುವಿನಲ್ಲಿ ಉಬ್ಬಿತ್ತು. ಅಂಚಿನ ಜೋಡಣೆ ಬಿಟ್ಟು, ಉಗುರು ತೂರುವಷ್ಟು ಬಿರುಕು. ಏನೋ ಸಿಹಿಸಿಹಿಯಾದ, ಉಗುರಿನ ಬಣ್ಣದಂಥ ವಾಸನೆ. ಬ್ಯಾಟರಿಯ ಒಳಗೆ ಗ್ಯಾಸ್ ತುಂಬಿದಾಗ ಹೀಗೆ ಉಬ್ಬುತ್ತದೆ. ಪೇಟೆಯ ಮೊಬೈಲ್ ರಿಪೇರಿಯವರು ಕೈಯಲ್ಲಿ ಮುಟ್ಟಲೂ ಇಲ್ಲ. "ಇದನ್ನು ಬಿಚ್ಚಲಿಕ್ಕೆ ಆಗುವುದಿಲ್ಲ, ತೆಗೆದುಕೊಂಡು ಹೋಗಿ" ಅಂದರು. ತಮ್ಮ ಅದನ್ನು ತಂದು ಕಪಾಟಿನ ಮೇಲಿಟ್ಟ. ರಜೆ ಮುಗಿಸಿ ಹೋದ.

ಅಮ್ಮ ಕಪಾಟು ಗುಡಿಸುವಾಗ ಅದು ಸಿಕ್ಕಿತು. ಬಟನ್ ಒತ್ತಿದರೆ ಲೈಟ್ ಬರಲಿಲ್ಲ. ಹಳೆಯ ಕಾಗದದ ಜೊತೆ ತಂದು ಒಲೆಗೆ ಹಾಕಿದರು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಗರ್ನಾಲು ಒಡೆದ ಹಾಗೆ ಶಬ್ದ. ಒಲೆಯ ಬಾಯಿಯಿಂದ ಬಿಳಿ ಹೊಗೆ, ಅದರ ಹಿಂದೆಯೇ ಕೆಂಡ. ಕಾದ ಲೋಹದ ತುಂಡೊಂದು ನನ್ನ ಕೈಗೆ ಅಂಟಿಕೊಂಡಿತು. ಇನ್ನೊಂದು ಮೂಲೆಯ ಅಡಿಕೆ ಸಿಪ್ಪೆಯ ರಾಶಿಗೆ ಬಿದ್ದು ಅಲ್ಲೂ ಬೆಂಕಿ. ಹಂಡೆಯ ನೀರನ್ನೇ ಮೊಗೆದು ಸುರಿದೆವು.

ಅಮ್ಮ ತೆಂಗಿನೆಣ್ಣೆ ತರಲು ಓಡಿದರು. ಬೇಡ ಅಂದೆ. ನಳ್ಳಿಯ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿದು ಕೂತೆ, ಆಮೇಲೆ ಆಸ್ಪತ್ರೆಗೆ ಹೋದೆವು. ಎಣ್ಣೆ, ಟೂತ್‌ಪೇಸ್ಟ್ ಏನೂ ಹಚ್ಚದೆ ಬಂದದ್ದು ಒಳ್ಳೆಯದಾಯಿತು ಅಂತ ಡಾಕ್ಟರ್ ಹೇಳಿದರು. ಆ ಹೊಗೆ ಕುಡಿದದ್ದಕ್ಕೆ ಎರಡು ದಿನ ಗಂಟಲು ಉರಿಯಿತು. ಲಿಥಿಯಂ ಬ್ಯಾಟರಿ ಉರಿದರೆ ಬರುವ ಹೊಗೆ ವಿಷದ್ದು, ಮಕ್ಕಳಿದ್ದರೆ ಮೊದಲು ಹೊರಗೆ ಕಳಿಸಿ.

"ಸತ್ತ ಬ್ಯಾಟರಿಯಲ್ವಾ, ಎಂತ ಆಗ್ತದೆ ಅಂತ ಹಾಕಿದೆ" ಅಂತ ಅಮ್ಮ ಈಗಲೂ ಕಣ್ಣೀರು ಹಾಕುತ್ತಾರೆ. ಅಮ್ಮನದ್ದು ತಪ್ಪಲ್ಲ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಲೈಟ್ ಬರುವುದಿಲ್ಲ ಅಂದರೆ ಬ್ಯಾಟರಿ ಖಾಲಿ ಅಂತ ಅರ್ಥ ಅಲ್ಲ. ಒಂದೇ ಸಲ ಬಳಸಿ ಬಿಸಾಡುವ ವೇಪ್‌ಗಳಲ್ಲಿ ಎಷ್ಟೋ ಸಲ ಮೊದಲು ಮುಗಿಯುವುದು ಒಳಗಿನ ದ್ರವ, ಬ್ಯಾಟರಿಯಲ್ಲಿ ಚಾರ್ಜ್ ಹಾಗೇ ಉಳಿದಿರುತ್ತದೆ. ಪೂರ್ತಿ ಖಾಲಿಯಾದ ಬ್ಯಾಟರಿಯ ಒಳಗೂ ಬೆಂಕಿ ಹಿಡಿಯುವ ದ್ರವ ಇದ್ದೇ ಇರುತ್ತದೆ.

ಗಲ್ಫಿನಿಂದ ಬಂದವರ ಪೆಟ್ಟಿಗೆ, ಮೇಜಿನ ಡ್ರಾಯರ್ ಒಮ್ಮೆ ನೋಡಿ. ಇಂಥದ್ದು ಸಿಕ್ಕಿದರೆ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಕಸದ ಜೊತೆ ಸುಡಲಂತೂ ಬೇಡ. ತಮ್ಮ ತಂದ ಎರಡನೆಯದು ಅವನ ಹಳೆ ಬ್ಯಾಗಿನಲ್ಲಿ ಸಿಕ್ಕಿತು. ಖಾಲಿ ಹಾಲುಪುಡಿ ಡಬ್ಬಿಗೆ ಒಣ ಹೊಯಿಗೆ (ಮರಳು) ತುಂಬಿಸಿ, ಅದರಲ್ಲಿ ಹೂತು, ಮುಚ್ಚಳ ಬಿಗಿ ಮಾಡದೆ ಮನೆಯಿಂದ ದೂರ, ಮಳೆ ಬೀಳದ ಕಡೆ ಇಟ್ಟೆ. ಪ್ಲಾಸ್ಟಿಕ್ ಒಯ್ಯಲು ಬರುವ ಹರಿತ ಕರ್ಮಸೇನೆಯ (ಪಂಚಾಯತಿನ ಕಸ ಸಂಗ್ರಹಿಸುವ ತಂಡ) ಅಕ್ಕನಿಗೆ ಮೊದಲೇ ಫೋನ್ ಮಾಡಿ ಹೇಳಿದ್ದೆ. ಅವರು ಡಬ್ಬಿಯನ್ನು ಚೀಲಕ್ಕೆ ಹಾಕಲಿಲ್ಲ. ಬೇರೆಯಾಗಿ ಕೈಯಲ್ಲೇ ಹಿಡಿದುಕೊಂಡು ಗೇಟು ದಾಟಿದರು.