ತಾಳಮದ್ದಳೆ ಲೈವ್ ರೆಕಾರ್ಡಿಗೆ ಅಡಾಸಿಟಿಯಾ, ಓಬಿಎಸ್ಸಾ?

ನಮ್ಮ ಬದಿಯಡ್ಕ ಕಡೆ ಮಳೆಗಾಲ ಅಂದ್ರೆ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ), ಈಗ ಸುಮಾರು ಕೂಟ ಲೈವ್ ಬರ್ತದೆ. ಆದ್ರೆ ಅಜ್ಜನಿಗೆ ರಾತ್ರಿ ಅಷ್ಟೊತ್ತು ಕೂರ್ಲಿಕ್ಕೆ ಆಗುದಿಲ್ಲ, ಮರುದಿನ ಅಡಿಕೆ ಸುಲಿಯುವಾಗ ಕೇಳ್ಬೇಕು ಅಂತಾರೆ. ಕೂಟದವರ ಹತ್ರ ಕೇಳಿ, ಮನೆಯಲ್ಲಿ ಕೇಳ್ಲಿಕ್ಕೆ ಮಾತ್ರ ಅಂತ ಒಪ್ಪಿಗೆ ತಕ್ಕೊಂಡು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಅಡಾಸಿಟಿ (ಶಬ್ದ ರೆಕಾರ್ಡ್ ಮಾಡಿ ಕತ್ತರಿಸುವ ಸಾಫ್ಟ್‌ವೇರ್), ಓಬಿಎಸ್ (ವಿಡಿಯೋ ರೆಕಾರ್ಡ್ ಮಾಡುವ ಸಾಫ್ಟ್‌ವೇರ್), ಮತ್ತೆ ಬೇರೆ ದಾರಿಗಳನ್ನೂ ಒಂದೊಂದೇ ಮಾಡಿ ನೋಡಿದೆ.

ಕಂಪ್ಯೂಟರಿನ ಶಬ್ದವನ್ನೇ ರೆಕಾರ್ಡಿಗೆ ಕೊಡುವ ಸ್ಟೀರಿಯೋ ಮಿಕ್ಸ್ ಕೆಲವು ಲ್ಯಾಪ್‌ಟಾಪಲ್ಲಿ ಉಂಟು, ನನ್ನದ್ರಲ್ಲಿ ಇಲ್ಲ. ವಿಬಿ-ಕೇಬಲ್ (ಸಾಫ್ಟ್‌ವೇರಿನಲ್ಲೇ ಇರುವ ಆಡಿಯೋ ಕೇಬಲ್) ಹಾಕಿದ್ರೆ ಶಬ್ದ ಆ ಕೇಬಲಿಗೇ ಹೋಗ್ತದೆ, ಸ್ಪೀಕರಿನಲ್ಲಿ ಕೇಳ್ಲಿಕ್ಕೆ ಬೇರೆ ಸೆಟ್ಟಿಂಗ್ ಬೇಕು. ಅದನ್ನು ಅಲ್ಲಿಗೇ ಬಿಟ್ಟೆ.

ಅಡಾಸಿಟಿಯಲ್ಲಿ ಹೋಸ್ಟ್ ಜಾಗದಲ್ಲಿ ವಾಸಾಪಿ (WASAPI, ವಿಂಡೋಸಿನದ್ದೇ ಆಡಿಯೋ ವ್ಯವಸ್ಥೆ), ರೆಕಾರ್ಡಿಂಗ್ ಡಿವೈಸಿನಲ್ಲಿ ಲೂಪ್‌ಬ್ಯಾಕ್ ಅಂತ ಇರುವ ಸ್ಪೀಕರ್ ಆರಿಸಿದ್ರೆ ಆಯ್ತು, ಸ್ಪೀಕರಿಗೆ ಹೋಗುವ ಶಬ್ದವೇ ನೇರ ರೆಕಾರ್ಡ್ ಆಗ್ತದೆ, ಬೇರೆ ಏನೂ ಇನ್‌ಸ್ಟಾಲ್ ಬೇಡ, ಮೈಕಿನ ಮಳೆ ಶಬ್ದವೂ ಬರುದಿಲ್ಲ. ಮೊದಲ ದಿನ ರೆಕಾರ್ಡ್ ಒತ್ತಿ ಕಾದೆ, ಗೆರೆ ಮುಂದೆಯೇ ಹೋಗ್ಲಿಲ್ಲ, ಹಾಳಾಯ್ತು ಅಂತ ಹೆದರಿದೆ, ಆಮೇಲೆ ಗೊತ್ತಾಯ್ತು ಲೂಪ್‌ಬ್ಯಾಕಲ್ಲಿ ಕಂಪ್ಯೂಟರಿನಿಂದ ಶಬ್ದ ಬರದಿದ್ರೆ ರೆಕಾರ್ಡಿಂಗ್ ನಿಂತೇ ಇರ್ತದೆ. ಮತ್ತೆ ಚೆಂಡೆ ಏರುಪದಕ್ಕೆ (ಜೋರಿನ ಪದಕ್ಕೆ) ಹೋದಾಗ ಮೀಟರ್ ಕೆಂಪಾಯ್ತು, ಅಂದ್ರೆ ಶಬ್ದ ಒಡೆಯುವಷ್ಟು ಜೋರು, ಅರ್ಥ (ಪಾತ್ರದ ಮಾತು) ಹೇಳುವಾಗ ತುಂಬಾ ಸಣ್ಣ. ಬ್ರೌಸರಿನ ಪ್ಲೇಯರಲ್ಲೇ ವಾಲ್ಯೂಮ್ ಇಳಿಸಿ, ಏರಿದ್ದೂ ಮೈನಸ್ 6 ಡಿಬಿ ದಾಟದ ಹಾಗೆ ಇಟ್ಟೆ, ಕೆಂಪಾಗುದು ನಿಂತಿತು. ಒಂದು ದೊಡ್ಡ ತೊಂದರೆ, ಮಾಮೂಲಿ 32 ಬಿಟ್ ಸೆಟ್ಟಿಂಗಲ್ಲಿ 3 ಗಂಟೆಗೆ ಪ್ರಾಜೆಕ್ಟ್ ಫೈಲ್ ಹತ್ತಿರ ಹತ್ತಿರ 3.8 ಜಿಬಿ.

ಇನ್ನೂ ಬೇಸರ ಆದದ್ದು ವಾಟ್ಸಾಪಿನ ಟಿಂಗ್. ಕರ್ಣನ ಮಾತು ಕಣ್ಣೀರು ತರುವ ಹೊತ್ತಿಗೆ ಸರಿಯಾಗಿ ಅದು ನಡುವೆ ಕೂತಿತ್ತು, ಲೂಪ್‌ಬ್ಯಾಕ್ ಸ್ಪೀಕರಿಗೆ ಹೋಗುವ ಎಲ್ಲವನ್ನೂ ಹಿಡೀತದೆ. ಅಜ್ಜ ಏನೂ ಹೇಳ್ಲಿಲ್ಲ, ನನಗೇ ಮನಸ್ಸು ಕೇಳ್ಲಿಲ್ಲ.

ಇದಕ್ಕೆ ಓಬಿಎಸ್ ಮದ್ದು. 2022ರ 28ನೇ ಆವೃತ್ತಿಯಿಂದ ಅದ್ರಲ್ಲಿ ಅಪ್ಲಿಕೇಶನ್ ಆಡಿಯೋ ಕ್ಯಾಪ್ಚರ್ ಅಂತ ಉಂಟು, ಬ್ರೌಸರ್ ಮಾತ್ರ ಆರಿಸಿದ್ರೆ ಬೇರೆ ಯಾವ ಆ್ಯಪಿನ ಶಬ್ದವೂ ಬರುದಿಲ್ಲ (ಡೆಸ್ಕ್‌ಟಾಪ್ ಆಡಿಯೋ ಮ್ಯೂಟ್ ಮಾಡ್ಲೇಬೇಕು, ಇಲ್ಲದಿದ್ರೆ ಅದೂ ಸೇರ್ತದೆ). ಕರೆಂಟು ಹೋಗಿ ಬ್ಯಾಟರಿಯೂ ಮುಗಿದ್ರೆ ಎಂಕೆವಿ ಫೈಲಲ್ಲಿ ಅಲ್ಲಿವರೆಗಿನದ್ದು ಉಳೀತದೆ, ಎಂಪಿ4 ಇಟ್ರೆ ಹಾಳಾಗ್ಲಿಕ್ಕೆ ಸಾಕು. ಆದ್ರೆ ಓಬಿಎಸ್ ವಿಡಿಯೋದವರ ಸಾಮಾನು, ಆಡಿಯೋ ಮಾತ್ರ ಸೇವ್ ಮಾಡುವ ಬಟನ್ ಕಣ್ಣಿಗೆ ಕಾಣುದಿಲ್ಲ, ಕಪ್ಪು ಪರದೆಯೂ ಜೊತೆಗೆ ಬರ್ತದೆ, ಕತ್ತರಿಸುವ ಕೆಲಸವೂ ಅದ್ರಲ್ಲಿ ಇಲ್ಲ.

ಹಾಗಾಗಿ ಲೈವ್ ಹಿಡಿಯುದು ಓಬಿಎಸ್ಸಲ್ಲಿ, ಬೆಳಿಗ್ಗೆ ಎಫ್‌ಎಫ್‌ಎಂಪೆಗ್ (ವಿಡಿಯೋ ಫೈಲಿನ ಶಬ್ದ ತೆರೆಯಲಿಕ್ಕೆ ಬೇಕಾದ ಸಾಫ್ಟ್‌ವೇರ್) ಹಾಕಿದ ಅಡಾಸಿಟಿಯಲ್ಲಿ ಆ ಫೈಲ್ ತೆರೆದು, ಶುರುವಿನ ಮೈಕ್ ಟೆಸ್ಟ್ ಕತ್ತರಿಸಿ, ಎಂಪಿ3 ಮಾಡಿ ಅಜ್ಜನ ಪೆನ್‌ಡ್ರೈವಿಗೆ ಹಾಕ್ತೇನೆ.